ಒಂದೇ ಸೆನ್ಸರ್ ಬದಲು ಮೂರು ಮಾದರಿಗಳು: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಎಂಜಿನ್ ಆಯಿಲ್, ಗೇರ್ ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್ ಎಲ್ಲಕ್ಕೂ ಒಗ್ಗುತ್ತದೆಂದು ನಾವು ಇದುವರೆಗೆ ತಯಾರಿಸಿ ಕೊಡುತ್ತಿದ್ದ ಒತ್ತಡ ಮತ್ತು ತಾಪಮಾನದ ಸೆನ್ಸರನ್ನು ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ. ಅದರ ಬದಲು ಎಣ್ಣೆಗೆ (ಎಂಜಿನ್ ಮತ್ತು ಗೇರ್ ಆಯಿಲ್), ಎಂಜಿನ್ ತಣಿಸುವ ಕೂಲೆಂಟಿಗೆ ಮತ್ತು ಬ್ರೇಕಿಗೆ ಪ್ರತ್ಯೇಕವಾದ ಮೂರು ಮಾದರಿಗಳು ದೊರೆಯುತ್ತವೆ. ಒಂದೇ ಮಾದರಿಯನ್ನು ದಾಸ್ತಾನಿನಲ್ಲಿಟ್ಟುಕೊಳ್ಳುವ ಅನುಕೂಲ ತಮಗೆ ತಪ್ಪುತ್ತದೆ ಎಂಬುದನ್ನು ಬಲ್ಲೆವು. ಆದ್ದರಿಂದಲೇ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಕೆಟ್ಟು ಹಿಂದಿರುಗಿದ ಸೆನ್ಸರುಗಳನ್ನು ಕತ್ತರಿಸಿ ನೋಡಿದಾಗ, ಹೆಚ್ಚಿನವುಗಳಲ್ಲಿ ಅಳೆಯುವ ಭಾಗ ಸರಿಯಾಗಿಯೇ ಇತ್ತು. ಹಾಳಾಗಿದ್ದು ಅದನ್ನು ಕಾಯಬೇಕಾದ ಸೀಲ್, ಕವಚ ಮತ್ತು ವೈರ್ ಜೋಡಿಸುವ ಟರ್ಮಿನಲ್‌ಗಳು.

ಸೀಲಿಗೆ ನಾವು ಬಳಸುತ್ತಿದ್ದ ನೈಟ್ರೈಲ್ ರಬ್ಬರ್ ಎಣ್ಣೆಯನ್ನು ಚೆನ್ನಾಗಿ ತಾಳುತ್ತದೆ. ಆದರೆ 100 ಡಿಗ್ರಿ ಸೆಲ್ಸಿಯಸ್ಸಿಗೂ ಮೀರಿದ ಬಿಸಿಯಲ್ಲಿ ಬಹುಕಾಲ ಇದ್ದರೆ ಅದು ಗಡುಸಾಗಿ, ಒತ್ತಿದರೆ ಮರಳಿ ಉಬ್ಬುವ ಗುಣವನ್ನು ಕಳೆದುಕೊಂಡು ಬಿರುಕು ಬಿಡುತ್ತದೆ. ಫ್ಲೋರೋ ರಬ್ಬರ್ 200 ಡಿಗ್ರಿಯ ಆಸುಪಾಸಿನವರೆಗೂ ಎಣ್ಣೆಯಲ್ಲಿ ಬಾಳುತ್ತದೆಯಾದರೂ ಡಾಟ್ 3, ಡಾಟ್ 4 ದರ್ಜೆಯ ಗ್ಲೈಕಾಲ್ ಬ್ರೇಕ್ ಆಯಿಲಿಗೆ ಹೊಂದುವುದಿಲ್ಲ. ಆ ಬ್ರೇಕ್ ಆಯಿಲಿಗೂ ಕೂಲೆಂಟಿಗೂ ಒಗ್ಗುವ ಇಪಿಡಿಎಂ ರಬ್ಬರ್ ಖನಿಜ ತೈಲದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಇವೆಲ್ಲವನ್ನೂ ತಡೆಯಬಲ್ಲ ಪರ್‌ಫ್ಲೋರೋ ರಬ್ಬರ್ ಇದೆಯಾದರೂ ಅದು ಬಹಳ ದುಬಾರಿ; ಅದರ ಸಾಮಾನ್ಯ ದರ್ಜೆಗಳು ಕೊರೆಯುವ ಚಳಿಯಲ್ಲಿ ಗಡುಸಾಗಿ ಸೋರಿಕೆಗೆ ಎಡೆಮಾಡುತ್ತವೆ. ಎಲ್ಲ ದ್ರವಗಳಿಗೂ ಒಂದೇ ಸೀಲ್ ಎಂಬ ಯೋಚನೆಯನ್ನು ನಾವು ಕೈಬಿಟ್ಟದ್ದು ಇಲ್ಲಿಯೇ.

ಕವಚದ ವಿಷಯದಲ್ಲಿ ತೊಂದರೆ ಕಂಡದ್ದು ಮುಖ್ಯವಾಗಿ ಕೂಲೆಂಟಿನಲ್ಲಿ. ಅದರಲ್ಲಿರುವ ಬಿಸಿ ನೀರು ಮತ್ತು ಗ್ಲೈಕಾಲ್ ಸೇರಿ, ಹಳೆಯ ಕವಚದ ಪ್ಲಾಸ್ಟಿಕ್ಕಾದ ನೈಲಾನ್ 66ರ ಅಣುಸರಪಳಿಯನ್ನು ನಿಧಾನವಾಗಿ ತುಂಡರಿಸುತ್ತವೆ. ಹಾಗಾಗಿ ಕೂಲೆಂಟ್ ಮಾದರಿಯ ಕವಚವನ್ನು, ನೀರನ್ನು ಹೀರುವುದೇ ಇಲ್ಲವೆನ್ನಬಹುದಾದ ಪಿಪಿಎಸ್ ಪ್ಲಾಸ್ಟಿಕ್ಕಿನಿಂದ ಮಾಡಿದ್ದೇವೆ. ಇದು ನೈಲಾನಿಗಿಂತ ಪೆಡಸು. ಅತಿಯಾಗಿ ಬಿಗಿದರೆ ಸೀಳುತ್ತದೆ. ದಯವಿಟ್ಟು ಜೊತೆಗಿರುವ ಚೀಟಿಯಲ್ಲಿ ಸೂಚಿಸಿದ ಬಿಗಿತಕ್ಕೆ ಟಾರ್ಕ್ ವ್ರೆಂಚಿನಿಂದಲೇ ಜೋಡಿಸಬೇಕು.

ನಮ್ಮನ್ನು ಹೆಚ್ಚು ಕಾಡಿದ್ದು ಗೇರ್ ಆಯಿಲ್. ಹಲ್ಲುಗಳು ಸವೆಯದಂತೆ ಅದರಲ್ಲಿ ಬೆರೆಸುವ ಗಂಧಕದ ಸಂಯುಕ್ತಗಳು ಬಿಸಿಯಲ್ಲಿ ತಾಮ್ರ ಮತ್ತು ಬೆಳ್ಳಿಯನ್ನು ತಿನ್ನುತ್ತವೆ. ಹೀಗೆ ಹುಟ್ಟುವ ತಾಮ್ರದ ಕಪ್ಪು ಸಲ್ಫೈಡ್ ವಿದ್ಯುತ್ತನ್ನು ಹರಿಯಬಿಡುವ ವಸ್ತು. ಅದು ಎರಡು ಟರ್ಮಿನಲ್‌ಗಳ ನಡುವೆ ಬೆಳೆದಾಗ ಸೆನ್ಸರ್ ಸುಮ್ಮನಾಗುವ ಬದಲು ತಪ್ಪು ಅಂಕಿಯನ್ನು ತೋರಿಸಬಹುದು. ನಮ್ಮ ದೃಷ್ಟಿಯಲ್ಲಿ ಪೂರ್ತಿ ಕೆಟ್ಟುಹೋಗುವುದಕ್ಕಿಂತ ಇದು ಹೆಚ್ಚು ಅಪಾಯಕರ. ಇದಲ್ಲದೆ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ವೈರಿನ ಎಳೆಗಳ ನಡುವಿನ ಸಂದಿನಲ್ಲಿ ಎಣ್ಣೆ ಏರಿ ದೂರದ ಕಂಟ್ರೋಲ್ ಯೂನಿಟ್ಟನ್ನೂ ತಲುಪುತ್ತದೆ. ಸೋರಿಕೆ ಒಂದು ಕಡೆ, ಕೆಡುವುದು ಇನ್ನೊಂದು ಕಡೆಯಾಗುವುದರಿಂದ ಮೂಲವನ್ನು ಪತ್ತೆಹಚ್ಚುವುದು ಮೆಕ್ಯಾನಿಕ್‌ಗಳಿಗೆ ಕಷ್ಟ. ಎಣ್ಣೆ ಮಾದರಿಯಲ್ಲಿ ತಾಮ್ರ, ಬೆಳ್ಳಿ ಎಲ್ಲಿಯೂ ಎಣ್ಣೆಗೆ ತೆರೆದುಕೊಂಡಿಲ್ಲ. ಬೆಸುಗೆಯ ಜಾಗವನ್ನು ಎಪಾಕ್ಸಿಯಿಂದ ಮುಚ್ಚಿದ್ದೇವೆ, ಮತ್ತು ಎಳೆವೈರಿನ ನಡುವೆ ಒಂದು ಗಟ್ಟಿ ಪಿನ್ನನ್ನು ಸೇರಿಸಿ ಎಣ್ಣೆಯ ದಾರಿಯನ್ನು ಕಡಿದಿದ್ದೇವೆ.

ಹಿಂದೆ ನಾವು ಹೊಸ ಎಣ್ಣೆಯಲ್ಲಿ ಮಾತ್ರ ಪರೀಕ್ಷೆ ಮಾಡುತ್ತಿದ್ದೆವು. ಅದು ಸಾಲದಾಯಿತು, ತಪ್ಪು ನಮ್ಮದೇ. ಓಡಿದ ಎಣ್ಣೆಯಲ್ಲಿ ಆಮ್ಲ, ನೀರು, ಲೋಹದ ಪುಡಿ ಸೇರಿರುತ್ತವೆ. ಈಗ ಅಂಥ ಎಣ್ಣೆಯಲ್ಲಿಯೇ ಸೆನ್ಸರನ್ನು ಮುಳುಗಿಸಿ, ಮೈನಸ್ 40ರಿಂದ 150 ಡಿಗ್ರಿಯವರೆಗೆ ಮತ್ತೆ ಮತ್ತೆ ತಣಿಸಿ ಕಾಯಿಸಿ ನೋಡುತ್ತಿದ್ದೇವೆ.

ಇನ್ನು ಮುಂದೆ ಆರ್ಡರ್ ಕೊಡುವಾಗ ದ್ರವದ ಹೆಸರು ಮತ್ತು ದರ್ಜೆಯನ್ನು ತಪ್ಪದೆ ಬರೆಯಬೇಕೆಂದು ಕೋರುತ್ತೇವೆ. ಮೂರಕ್ಕೂ ಥ್ರೆಡ್ ಒಂದೇ ಆಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಗುರುತಿಗಾಗಿ ಎಣ್ಣೆಗೆ ಕಪ್ಪು, ಕೂಲೆಂಟಿಗೆ ಹಸಿರು, ಬ್ರೇಕಿಗೆ ಹಳದಿ ಕನೆಕ್ಟರ್ ಇಟ್ಟಿದ್ದೇವೆ. ಡೀಸೆಲ್ ಹೊಗೆಯ ಶುದ್ಧೀಕರಣಕ್ಕೆ ಬಳಸುವ ಶೇಕಡಾ 32.5ರ ಯೂರಿಯಾ ದ್ರಾವಣಕ್ಕೆ ಈ ಮೂರರಲ್ಲಿ ಯಾವುದನ್ನೂ ಬಳಸಬಾರದು, ಏಕೆಂದರೆ ಅದು ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಮತ್ತು ಆ ಹಿಗ್ಗುವಿಕೆಯ ಒತ್ತಡಕ್ಕೆ ನಾವು ಇವನ್ನು ವಿನ್ಯಾಸಗೊಳಿಸಿಲ್ಲ.

ತಮ್ಮಲ್ಲಿ ಉಳಿದಿರುವ ಹಳೆಯ ಸೆನ್ಸರುಗಳನ್ನು ಬಳಸದೆ ಕಳುಹಿಸಿದರೆ, ತಾವು ತಿಳಿಸುವ ದ್ರವಕ್ಕೆ ತಕ್ಕ ಹೊಸ ಮಾದರಿಯನ್ನು ಹೆಚ್ಚುವರಿ ಹಣವಿಲ್ಲದೆ ಬದಲಾಯಿಸಿ ಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ವಿನ್ಯಾಸ ಮತ್ತು ಗುಣಮಟ್ಟ ವಿಭಾಗ