ಹವಳದ ಟ್ಯಾಂಕಿನ ಬೆಳಕನ್ನು ತಪ್ಪಾಗಿ ಅಳೆದು ಹೊಂದಿಸಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ರೀಫ್ ಟ್ಯಾಂಕಿನ ಎಲ್‌ಇಡಿ ದೀಪದ ದೋಷಪೂರಿತ ಹೊಂದಾಣಿಕೆ, ಸೇವಾ ಶುಲ್ಕದ ಮರುಪಾವತಿ ಹಾಗೂ ಮರು ಅಳತೆ ಕುರಿತು.

ಮಾನ್ಯರೇ,

ಬೆಂಗಳೂರಿನ ನನ್ನ ಮನೆಯಲ್ಲಿರುವ ನಾಲ್ಕು ಅಡಿ ಉದ್ದದ ಸಮುದ್ರ ನೀರಿನ ಅಕ್ವೇರಿಯಂಗಾಗಿ ತಮ್ಮ ಸಂಸ್ಥೆಯಿಂದ ಎಲ್‌ಇಡಿ ದೀಪವನ್ನು ಖರೀದಿಸಿದ್ದೇನೆ. ಅದರ ಜೊತೆಗೆ ‘ಬೆಳಕಿನ ಅಳತೆ ಮತ್ತು ಹೊಂದಾಣಿಕೆ’ ಎಂಬ ಸೇವೆಗೂ ಪ್ರತ್ಯೇಕವಾಗಿ ಹಣ ಪಾವತಿಸಿದ್ದೇನೆ. ದೀಪದ ಗುಣಮಟ್ಟದ ಬಗ್ಗೆ ನನ್ನ ತಕರಾರೇನೂ ಇಲ್ಲ. ನನ್ನ ದೂರು ಆ ಸೇವೆಯ ಹೆಸರಿನಲ್ಲಿ ನಡೆದ ಕೆಲಸದ ಬಗ್ಗೆ ಮಾತ್ರ.

ತಮ್ಮ ತಂತ್ರಜ್ಞರು ತಂದದ್ದು ಪಾರ್ ಮೀಟರ್ (ಗಿಡ, ಪಾಚಿಗಳು ಆಹಾರ ತಯಾರಿಸಲು ಬಳಸುವ ಬೆಳಕನ್ನು ಅಳೆಯುವ ಉಪಕರಣ) ಅಲ್ಲ, ಕಚೇರಿಗಳಲ್ಲಿ ಮೇಜಿನ ಮೇಲೆ ಬೀಳುವ ಬೆಳಕನ್ನು ನೋಡಲು ಬಳಸುವ ಲಕ್ಸ್ ಮೀಟರ್. ನೀರಿಗಿಳಿಸಿದರೆ ಅದು ಕೆಡುತ್ತದೆಂದು ಟ್ಯಾಂಕಿನ ಅಂಚಿನ ಮೇಲೆ ಕೈಯಲ್ಲಿ ಹಿಡಿದು, ಒಂದೇ ಒಂದು ಜಾಗದಲ್ಲಿ ಅಳೆದರು. ಅಂಕಿ ಕಡಿಮೆ ಕಂಡಾಗ “ಇನ್ನೂ ಸಾಲದು ಸಾರ್” ಎನ್ನುತ್ತಾ ಮೊಬೈಲ್ ಆ್ಯಪ್‌ನಲ್ಲಿ ನೀಲಿ ಚಾನೆಲ್‌ಗಳನ್ನು ಶೇ 90ಕ್ಕೆ ಏರಿಸಿ, ‘ಎಸ್‌ಪಿಎಸ್’ ಎಂಬ, ಹೆಚ್ಚು ಬೆಳಕು ಬೇಡುವ ಹವಳಗಳಿಗಾಗಿರುವ ಸಿದ್ಧ ಪ್ರೋಗ್ರಾಂ ಹಾಕಿ ಹೊರಟುಹೋದರು.

ಲಕ್ಸ್ ಮೀಟರ್ ಮನುಷ್ಯನ ಕಣ್ಣಿಗೆ ಬೆಳಕು ಎಷ್ಟು ಕಾಣುತ್ತದೆ ಎಂಬುದನ್ನು ತೋರಿಸುವ ಉಪಕರಣ. 555 ನ್ಯಾನೊಮೀಟರ್ ಸುತ್ತಲಿನ ಹಸಿರನ್ನು ಅದು ಪೂರ್ತಿ ಲೆಕ್ಕಕ್ಕೆ ತೆಗೆದುಕೊಂಡರೆ, 450 ನ್ಯಾನೊಮೀಟರ್ ನೀಲಿಯನ್ನು ಅದರ ನೂರಕ್ಕೆ ನಾಲ್ಕರಷ್ಟು ಮಾತ್ರ ಪರಿಗಣಿಸುತ್ತದೆ. ಆದರೆ ಹವಳದ ಒಡಲಲ್ಲಿ ವಾಸಿಸುವ ಝೂಕ್ಸಾಂಥೆಲ್ಲೆ ಪಾಚಿ ಆಹಾರ ತಯಾರಿಸಲು ಮುಖ್ಯವಾಗಿ ಹೀರಿಕೊಳ್ಳುವುದು ಆ ನೀಲಿ ಬೆಳಕನ್ನೇ. ಹೀಗಾಗಿ ರೀಫ್ ದೀಪದ ಕೆಳಗೆ ಲಕ್ಸ್ ಅಂಕಿ ಕಡಿಮೆ ಬಂದಿತೆಂದರೆ ಹವಳಕ್ಕೆ ಬೆಳಕು ಕಡಿಮೆಯಾಗಿದೆ ಎಂದು ಅರ್ಥವಲ್ಲ. ಈ ಕೆಲಸಕ್ಕೆ ಬೇಕಾದದ್ದು 400ರಿಂದ 700 ನ್ಯಾನೊಮೀಟರ್‌ವರೆಗಿನ ಫೋಟಾನ್‌ಗಳನ್ನು ಎಣಿಸುವ, ನೀರಿನಲ್ಲಿ ಮುಳುಗಿಸಬಹುದಾದ ಸೆನ್ಸರ್ ಇರುವ ಪಾರ್ ಮೀಟರ್. ಇಷ್ಟನ್ನು ತಿಳಿಯದವರು ಅಳತೆಗೆಂದು ಶುಲ್ಕ ಪಡೆಯುವುದು ನನಗೆ ಸೋಜಿಗವೆನಿಸಿದೆ.

ನನ್ನ ಟ್ಯಾಂಕಿನಲ್ಲಿರುವುದು ಮಶ್ರೂಮ್, ಜೋಆಂಥಿಡ್ ಮತ್ತು ಲೆದರ್ ಹವಳಗಳು ಮಾತ್ರ ಎಂಬುದನ್ನು ಬುಕಿಂಗ್ ಸಮಯದಲ್ಲೇ ಬರೆದು ತಿಳಿಸಿದ್ದೆ. ಎಸ್‌ಪಿಎಸ್ ಎಂದರೆ ಕಲ್ಲು ಹವಳ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಶೆಡ್ಯೂಲ್‌ನಲ್ಲಿ ಸೇರಿ ಕಾನೂನಿನ ಕಟ್ಟುನಿಟ್ಟಿನ ರಕ್ಷಣೆ ಪಡೆದಿರುವ ಈ ಹವಳಗಳಿಗೆ ಹೊಂದುವ ಪ್ರೋಗ್ರಾಮನ್ನು ನಮ್ಮ ದೇಶದ ಮನೆಯೊಂದರ ಟ್ಯಾಂಕಿಗೆ ಯಾವ ಆಧಾರದ ಮೇಲೆ ಹಾಕಲಾಯಿತು ಎಂಬುದಕ್ಕೆ ತಾವೇ ಉತ್ತರಿಸಬೇಕು. ನನ್ನಲ್ಲಿರುವ ಬಗೆಯ ಹವಳಗಳಿಗೆ ಸಾಮಾನ್ಯವಾಗಿ 50ರಿಂದ 150 ಪಾರ್ ಸಾಕು. ಪರಿಚಿತರೊಬ್ಬರ ಪಾರ್ ಮೀಟರ್ ತಂದು ನೀರಿನೊಳಗೆ ಅಳೆದಾಗ ಬಂಡೆಯ ನೆತ್ತಿಯಲ್ಲಿ 400ಕ್ಕೂ ಹೆಚ್ಚು, ದೀಪದ ನೇರ ಕೆಳಗಿನ ಮರಳಿನ ಮೇಲೆ ಸುಮಾರು 210 ಕಂಡುಬಂತು. ಹೊಸ ದೀಪಕ್ಕೆ ಹವಳಗಳು ಒಗ್ಗಿಕೊಳ್ಳಲೆಂದು ಬೆಳಕನ್ನು ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಏರಿಸುವ ವ್ಯವಸ್ಥೆ ತಮ್ಮದೇ ಆ್ಯಪ್‌ನಲ್ಲಿದ್ದರೂ ಅದನ್ನು ಆನ್ ಮಾಡಿರಲಿಲ್ಲ.

ಪರಿಣಾಮವಾಗಿ ಕಡುಗೆಂಪು ಬಣ್ಣದ ಮಶ್ರೂಮ್‌ಗಳು ಮೊದಲು ಅಂಚು ಮಡಚಿಕೊಂಡು, ಆಮೇಲೆ ಮಾಸಲು ಗುಲಾಬಿಗೆ ತಿರುಗಿ, ಕೊನೆಗೆ ಹೆಚ್ಚುಕಡಿಮೆ ಬಿಳಿಚಿಕೊಂಡವು. ಅವುಗಳಲ್ಲೊಂದು ಕಲ್ಲಿನಿಂದ ಕಳಚಿ ಬಿದ್ದು ಸತ್ತಿದೆ. ಲೆದರ್ ಹವಳ ಈಗಲೂ ಪಾಲಿಪ್‌ಗಳನ್ನು (ಹೂವಿನಂತೆ ಅರಳುವ ಪುಟ್ಟ ಜೀವಿಗಳನ್ನು) ಹೊರಚಾಚುತ್ತಿಲ್ಲ.

ದೂರವಾಣಿಯಲ್ಲಿ ವಿಷಯ ತಿಳಿಸಿದಾಗ, ನೀರಿನಲ್ಲೇ ದೋಷವಿರಬೇಕೆಂದು ತಮ್ಮ ಸಿಬ್ಬಂದಿ ಹೇಳಿದರು. ಲವಣಾಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಉಷ್ಣತೆ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿವೆ. ಅದಕ್ಕಿಂತ ಮುಖ್ಯವಾಗಿ, ಅದೇ ತಾಯಿ ಮಶ್ರೂಮ್‌ನಿಂದ ಕವಲೊಡೆದು ಬಂಡೆಯ ಚಾಚಿನ ಅಡಿಯಲ್ಲಿ, ನೆರಳಿನಲ್ಲಿ ಬೆಳೆದಿರುವ ಎರಡು ಮರಿಗಳು ಇಂದಿಗೂ ಕಡುಗೆಂಪಾಗಿ ಅರಳಿಕೊಂಡಿವೆ. ನೀರು ಎಲ್ಲಕ್ಕೂ ಒಂದೇ. ಬೇರೆಯಾಗಿರುವುದು ಬೆಳಕು ಮಾತ್ರ. ಎರಡೂ ಕಡೆಯ ಚಿತ್ರಗಳನ್ನು, ಬಿಲ್ಲಿನ ಪ್ರತಿಯನ್ನು ಮತ್ತು ಆ್ಯಪ್‌ನ ಸ್ಕ್ರೀನ್‌ಶಾಟ್ ಅನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಆದ್ದರಿಂದ ಅಳತೆ ಮತ್ತು ಹೊಂದಾಣಿಕೆಗಾಗಿ ಪಡೆದ ಪೂರ್ತಿ ಶುಲ್ಕವನ್ನೂ ಸತ್ತ ಹವಳದ ಬೆಲೆಯನ್ನೂ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಜೊತೆಗೆ, ನೀಲಿ ಬೆಳಕನ್ನು ಸರಿಯಾಗಿ ಓದುವ ಪಾರ್ ಮೀಟರ್‌ನೊಂದಿಗೆ ಅದರ ಬಳಕೆ ಬಲ್ಲವರನ್ನು ಕಳುಹಿಸಿ, ಪಂಪ್‌ಗಳನ್ನು ನಿಲ್ಲಿಸಿ ನೀರಿನ ಅಲೆ ಅಡಗಿದ ಮೇಲೆ ಬಂಡೆಯ ನೆತ್ತಿ, ನಡುಭಾಗ, ಮರಳು ಹಾಗೂ ಎರಡೂ ಮೂಲೆಗಳಲ್ಲಿ ಅಳೆಸಬೇಕು. ಸೆನ್ಸರ್ ನೀರಿನಲ್ಲಿ ಮುಳುಗಿದಾಗ ಅಂಕಿ ಕಡಿಮೆ ತೋರಿಸುವುದರಿಂದ, ಅದಕ್ಕೆ ಮಾಡಿದ ತಿದ್ದುಪಡಿಯನ್ನೂ ನಮೂದಿಸಿದ ಲಿಖಿತ ವರದಿ ನನಗೆ ಬೇಕು. ಸದ್ಯಕ್ಕೆ ದೀಪವನ್ನು ನಾನೇ ತಗ್ಗಿಸಿ ಉರಿಸುತ್ತಿದ್ದೇನೆ. ಅಳತೆಗೆ ಬರುವವರು ನನ್ನನ್ನು ಕೇಳದೆ ಅದನ್ನು ಬದಲಿಸಬಾರದು.

ಈ ಪತ್ರ ತಲುಪಿದ 15 ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿಯಲ್ಲಿ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇನೆ.

ಇಂತಿ,
ತಮ್ಮ ಗ್ರಾಹಕ