ಬ್ಯಾಸ್ಕೆಟ್‌ಬಾಲ್ ಅಭ್ಯಾಸದ ಮೊದಲ ಅರ್ಧ ಗಂಟೆಯ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದ ಮಕ್ಕಳು ಬೆಳಗಿನ ಅಭ್ಯಾಸದ ಮೊದಲ ಅರ್ಧ ಗಂಟೆ ಚೆಂಡನ್ನೇ ಮುಟ್ಟುವುದಿಲ್ಲವಾದ್ದರಿಂದ, ಆ ಹೊತ್ತನ್ನು ಟ್ಯೂಷನ್‌ಗೆ ಕೊಟ್ಟು ಮಕ್ಕಳನ್ನು ತಡವಾಗಿ ಕಳುಹಿಸಬಹುದೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಆ ಹೊತ್ತಿನಲ್ಲಿ ಮಕ್ಕಳು ಥಟ್ಟನೆ ದಿಕ್ಕು ಬದಲಿಸುವುದು, ಸಮತೋಲನ ಕಾಯುವುದು, ಜಿಗಿದು ಸರಿಯಾಗಿ ಇಳಿಯುವುದು ಇವನ್ನು ಅಭ್ಯಾಸ ಮಾಡುತ್ತಾರೆ. ದಯವಿಟ್ಟು ಹಾಗೆ ತಡವಾಗಿ ಕಳುಹಿಸಬೇಡಿ ಎಂದು ಕೋರುತ್ತಾ, ಅದಕ್ಕೆ ಕಾರಣವನ್ನೂ ತಿಳಿಸುತ್ತಿದ್ದೇನೆ.

ಬ್ಯಾಸ್ಕೆಟ್‌ಬಾಲ್ ಅಂಕಣ 28 ಮೀಟರ್ ಉದ್ದ, 15 ಮೀಟರ್ ಅಗಲವಷ್ಟೇ. ಅಷ್ಟರಲ್ಲಿ ಹತ್ತು ಆಟಗಾರರಿರುವಾಗ ನೇರವಾಗಿ ಓಡಿ ವೇಗ ಹಿಡಿಯಲು ಜಾಗ ಸಿಗುವುದು ಕಡಿಮೆ. ಸಾಮಾನ್ಯವಾಗಿ ನಾಲ್ಕು ಹೆಜ್ಜೆ ಓಡುವುದರೊಳಗೆ ನಿಲ್ಲಬೇಕು, ಪಕ್ಕಕ್ಕೆ ಸರಿಯಬೇಕು, ಇಲ್ಲವೇ 3.05 ಮೀಟರ್ ಎತ್ತರದ ರಿಂಗ್‌ನತ್ತ ಜಿಗಿದು ಇತರರ ಕಾಲುಗಳ ನಡುವೆ ಇಳಿಯಬೇಕು. ಕಾಲು ಉಳುಕುವುದು ಈ ಆಟದ ಅತಿ ಸಾಮಾನ್ಯ ಪೆಟ್ಟು. ಅದು ಹೆಚ್ಚಾಗಿ ಆಗುವುದು ಹೀಗೆ ಇಳಿಯುವಾಗ ಮತ್ತು ತಿರುಗುವಾಗ.

ನೆಲದ ಮೇಲೆ ಹಾಸಿದ ಏಣಿಯ ಮನೆಗಳಲ್ಲಿ ಮಕ್ಕಳು ಕುಪ್ಪಳಿಸುವುದನ್ನು ನೀವು ನೋಡಿರಬಹುದು. ಕುಂಟೆಬಿಲ್ಲೆ ಆಡಿ ಬೆಳೆದವರಿಗೆ ಅದೇನೂ ಹೊಸದಲ್ಲ. ಆದರೆ ಮೊದಲೇ ಗೊತ್ತಿರುವ ಹೆಜ್ಜೆಗಳಿಂದಷ್ಟೇ ಆಟದ ಚುರುಕು ಬರುವುದಿಲ್ಲವಾದ್ದರಿಂದ, ತರಬೇತುದಾರರ ಕೈಸನ್ನೆ ನೋಡಿ ಥಟ್ಟನೆ ದಿಕ್ಕು ಬದಲಿಸುವ ಓಟಕ್ಕೇ ನಾವು ಹೆಚ್ಚು ಬೆಲೆ ಕೊಡುತ್ತೇವೆ. ಕಣ್ಣು ಮುಚ್ಚಿ ಒಂಟಿಕಾಲಿನಲ್ಲಿ ನಿಲ್ಲಿಸುವುದಕ್ಕೂ ಅರ್ಥವಿದೆ: ನೋಟದ ಆಸರೆ ತಪ್ಪಿದಾಗ ಒಳಕಿವಿಯೂ ಪಾದದ ಕೀಲು, ಸ್ನಾಯುಗಳೂ ಸಮತೋಲನದ ಹೊಣೆ ಹೊರಬೇಕಾಗುತ್ತದೆ. ಜಿಗಿದು ಇಳಿಯುವಾಗ ಮಂಡಿ ಬಾಗಿರಬೇಕು, ಒಳಕ್ಕೆ ವಾಲಬಾರದು. ಮಂಡಿಯ ಅಸ್ಥಿರಜ್ಜಿನ (ಮೂಳೆಗಳನ್ನು ಜೋಡಿಸಿ ಹಿಡಿಯುವ ಗಟ್ಟಿ ಪಟ್ಟಿಯ) ಗಾಯ ಹೆಣ್ಣುಮಕ್ಕಳಲ್ಲಿ ಹೆಚ್ಚಾದ್ದರಿಂದ ಅವರ ಪೋಷಕರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಂಟು, ಒಂಬತ್ತನೇ ತರಗತಿಯಲ್ಲಿ ಕೈಕಾಲು ದಿಢೀರನೆ ಉದ್ದವಾಗುವಾಗ ಮಕ್ಕಳು ಎಡವುವುದುಂಟು, ಅದಕ್ಕಾಗಿ ಗದರಬೇಡಿ.

ಈ ಅಭ್ಯಾಸವನ್ನು ಕೊನೆಗೆ ಇಟ್ಟುಕೊಳ್ಳಲಾಗದು. ದಣಿದ ಕಾಲುಗಳು ನಿಧಾನವಾಗಿ, ತಪ್ಪಾಗಿ ಚಲಿಸುತ್ತವೆ, ದೇಹ ಅದನ್ನೇ ರೂಢಿ ಮಾಡಿಕೊಳ್ಳುತ್ತದೆ. ಆದ್ದರಿಂದಲೇ ಒಂದು ಓಟಕ್ಕೂ ಇನ್ನೊಂದಕ್ಕೂ ನಡುವೆ ಸಾಕಷ್ಟು ವಿಶ್ರಾಂತಿ ಕೊಡುತ್ತೇವೆ; ಅದು ಕಾಲಹರಣವಲ್ಲ. ಸೋಮವಾರ, ಬುಧವಾರ, ಶುಕ್ರವಾರ ಎಂದು ನಡುವೆ ಒಂದು ದಿನ ಬಿಡುವುದೂ ಇದಕ್ಕಾಗಿಯೇ.

ಹಿಂದೆ ಕಾಲು ಉಳುಕಿದ್ದ ಮಕ್ಕಳಿಗೆ ಮತ್ತೆ ಉಳುಕುವ ಸಂಭವ ಹೆಚ್ಚಿರುವುದರಿಂದ ಅದನ್ನು ಬರೆದು ತಿಳಿಸಿ. ಶೂ ದುಬಾರಿಯದಾಗಬೇಕಿಲ್ಲ, ಅಟ್ಟೆ ಸವೆದಿರಬಾರದು, ಪಾದದ ಪಕ್ಕಕ್ಕೆ ಆಸರೆ ಇರಬೇಕು. ಚಳಿಗಾಲದಲ್ಲಿ ಮಂಡ್ಯದ ಬೆಳಗಿನ ಇಬ್ಬನಿಗೆ ಸಿಮೆಂಟಿನ ಅಂಕಣ ಜಾರುತ್ತದೆ; ಅಂಥ ದಿನ ಅಭ್ಯಾಸವನ್ನು ಸಂಜೆಗೆ ಬದಲಿಸುತ್ತೇವೆ.

ಮುಂದಿನ ಸೋಮವಾರದಿಂದ ಮಕ್ಕಳು 6.30ಕ್ಕೆ ಮೈದಾನದಲ್ಲಿರಬೇಕು. ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರಿಗೆ ಹದಿನೈದು ನಿಮಿಷ ವಿನಾಯಿತಿ ಇದೆ. ಆದರೆ ತಡವಾಗಿ ಬಂದವರು ಈ ಅಭ್ಯಾಸ ಮುಗಿಸಿದ ಮೇಲೆಯೇ ಚೆಂಡು ಹಿಡಿಯಬೇಕು.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು
ಮಂಡ್ಯ