‘ಚೆಕ್’ ಪದದ ಬೆನ್ನು ಹತ್ತಿದ ಯುವ ಬರಹಗಾರರಿಗೆ

ಪ್ರಿಯ ಮಿತ್ರರೇ,

ನಮಸ್ಕಾರ. ‘ಚೆಕ್’ ಎಂಬ ಇಂಗ್ಲಿಷ್ ಪದವನ್ನು ಕುರಿತ ನಿಮ್ಮ ಲೇಖನದ ಕರಡನ್ನು ನಿಧಾನವಾಗಿ ಓದಿದೆ. ಬ್ಯಾಂಕಿನ ಚೆಕ್ಕು, ರಸ್ತೆಯ ಚೆಕ್‌ಪೋಸ್ಟು, ಆಸ್ಪತ್ರೆಯ ಚೆಕಪ್ಪು, ಚೆಕ್ಸ್ ಅಂಗಿ, ಚದುರಂಗದ ಚೆಕ್ ಇವೆಲ್ಲವೂ ನಮ್ಮ ದಿನಬಳಕೆಯ ಕನ್ನಡದಲ್ಲಿಯೇ ಓಡಾಡುತ್ತಿರುವುದರಿಂದ ವಿಷಯದ ಆಯ್ಕೆ ಸರಿಯಾಗಿದೆ. ಆದರೆ ನೀವು ಅರ್ಥಗಳನ್ನು ನಿಘಂಟಿನ ಮಾದರಿಯಲ್ಲಿ ಒಂದರ ಕೆಳಗೊಂದು ಇಟ್ಟು ಮುಂದೆ ಸಾಗಿದ್ದೀರಿ. ಒಂದು ಅರ್ಥದೊಳಗಿನಿಂದ ಇನ್ನೊಂದು ಹೇಗೆ ಹುಟ್ಟಿತು, ಆಗ ಜನ ಏನು ಕೆಲಸ ಮಾಡುತ್ತಿದ್ದರು ಎಂಬುದೇ ಓದುಗನಿಗೆ ಬೇಕಾದ ಸಂಗತಿ.

ಆಟದಿಂದಲೇ ಆರಂಭಿಸಿ. ಭಾರತದ ಚತುರಂಗ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು, ಅರಬ್ಬರಲ್ಲಿ ‘ಶತ್ರಂಜ್’ ಆಯಿತು. ಎದುರಾಳಿಯ ರಾಜನಿಗೆ ಅಪಾಯ ಒದಗಿದಾಗ ಪರ್ಷಿಯನ್ನರು ‘ಶಾಹ್’, ಅಂದರೆ ‘ರಾಜ’ ಎಂದು ಕೂಗಿ ಎಚ್ಚರಿಸುತ್ತಿದ್ದರು. ಆ ಕೂಗು ಮಧ್ಯಯುಗದ ಲ್ಯಾಟಿನ್ನಿನಲ್ಲಿ ‘ಸ್ಕಾಕುಸ್’ ಆಗಿ, ಹಳೆಯ ಫ್ರೆಂಚಿನಲ್ಲಿ ‘ಎಶೆಕ್’ ಆಗಿ, ಸುಮಾರು 1300ರ ಹೊತ್ತಿಗೆ ಇಂಗ್ಲಿಷಿಗೆ ‘ಚೆಕ್’ ಆಗಿ ಬಂದಿತು. ಅದೇ ಫ್ರೆಂಚ್ ಪದದ ಬಹುವಚನದಿಂದ ‘ಚೆಸ್’ ಎಂಬ ಹೆಸರೂ ಬಂದಿತು. ಕೂಗು ಕೇಳಿದ ಆಟಗಾರ ತನ್ನ ಹೂಟವನ್ನೆಲ್ಲ ಬದಿಗಿಟ್ಟು ಮೊದಲು ರಾಜನನ್ನು ಕಾಯಬೇಕು. ಆದ್ದರಿಂದ ‘ತಡೆ’, ‘ಅಂಕೆ’ ಎಂಬ ಅರ್ಥಗಳು ಮೂಡಿದವು. ಅಂಕೆಯಲ್ಲಿಡುವುದರಿಂದ ‘ತಾಳೆ ನೋಡುವುದು, ಪರೀಕ್ಷಿಸುವುದು’ ಎಂಬುದು ಬಹಳ ತಡವಾಗಿ, ಹದಿನೇಳನೆಯ ಶತಮಾನದಲ್ಲಿ ಬೆಳೆಯಿತು. ನಾವು ಇಂದು ಹೆಚ್ಚಾಗಿ ಬಳಸುವುದು ಈ ಕಿರಿಯ ಅರ್ಥವನ್ನೇ.

ಇಲ್ಲಿ ಒಂದು ಆಕ್ಷೇಪವಿದೆ. ‘ಚೆಕ್’ ಮತ್ತು ನಮ್ಮ ‘ಚೌಕ’ ಒಂದೇ ಬೇರಿನವು ಎಂದು ಬರೆದಿದ್ದೀರಿ. ಅದನ್ನು ತೆಗೆಯಿರಿ. ಚೌಕ ಬಂದದ್ದು ನಾಲ್ಕನ್ನು ಸೂಚಿಸುವ ಸಂಸ್ಕೃತದ ‘ಚತುಷ್ಕ’ದಿಂದ; ಚೌಕಳಿ ಅಂಗಿಗೆ ಚೆಕ್ಸ್ ಎಂಬ ಹೆಸರು ಬಂದದ್ದು ಚದುರಂಗದ ಹಾಸಿನಿಂದ. (ಚತುರಂಗದ ‘ಚತುರ್’ ಕೂಡ ನಾಲ್ಕೇ ಆದ್ದರಿಂದ ಚೌಕಕ್ಕೆ ಆಟದ ಹೆಸರಿನೊಡನೆ ನಂಟುಂಟು, ಚೆಕ್ಕಿನೊಡನೆ ಇಲ್ಲ.) ‘ಶಹಬ್ಬಾಸ್’ ಕೂಡ ‘ಶಾಹ್’ನಿಂದ ಬಂದದ್ದಲ್ಲ, ‘ಸಂತೋಷವಾಗಿರು’ ಎಂಬರ್ಥದ ‘ಶಾದ್ ಬಾಷ್’ನಿಂದ ಬಂದದ್ದು. ನಿಜವಾದ ನಂಟು ಕಿವಿಗೆ ಗೊತ್ತೇ ಆಗದ ಕಡೆ ಇದೆ. ಇರಾನಿನ ಬೆಹಿಸ್ತುನ್ ಬಂಡೆಯ ಶಾಸನದಲ್ಲಿ ಪ್ರಾಚೀನ ಪರ್ಷಿಯಾದ ದೊರೆ ಡೇರಿಯಸ್ ತನ್ನನ್ನು ‘ಕ್ಷಾಯಥಿಯ’ ಎಂದು ಕರೆದುಕೊಂಡಿದ್ದಾನೆ. ಸವೆದು ‘ಶಾಹ್’ ಆದ ಆ ಪದ ಸಂಸ್ಕೃತದ ‘ಕ್ಷತ್ರ’ಕ್ಕೆ ದಾಯಾದಿ. ಹೀಗೆ ‘ಕ್ಷತ್ರಿಯ’ ಮತ್ತು ‘ಚೆಕ್’ ದೂರದ ನೆಂಟರಾಗುತ್ತವೆ. ಸದ್ದಿನ ಹೋಲಿಕೆಯನ್ನು ನಂಬಿದವರಿಗೆ ಇಂಥದ್ದು ಎಂದೂ ಸಿಗುವುದಿಲ್ಲ.

ನಿಮ್ಮ ಲೇಖನದಲ್ಲಿ ಒಂದೇ ಸಾಲಿಗೆ ಮುಗಿದಿರುವ ‘ಎಕ್ಸ್‌ಚೆಕರ್’ಗೆ, ಅಂದರೆ ಇಂಗ್ಲೆಂಡಿನ ರಾಜಬೊಕ್ಕಸಕ್ಕೆ, ನಾನಾಗಿದ್ದರೆ ಅರ್ಧ ಲೇಖನವನ್ನೇ ಕೊಡುತ್ತಿದ್ದೆ. ಹನ್ನೆರಡನೆಯ ಶತಮಾನದ ಇಂಗ್ಲೆಂಡಿನಲ್ಲಿ, ಸೀಮೆ ಸೀಮೆಯ ಶೆರೀಫರು, ಅಂದರೆ ರಾಜನ ಅಧಿಕಾರಿಗಳು, ವಸೂಲಾದ ಹಣದ ಲೆಕ್ಕ ಒಪ್ಪಿಸಲು ಬರುತ್ತಿದ್ದರು. ಸುಮಾರು ಹತ್ತಡಿ ಉದ್ದ, ಐದಡಿ ಅಗಲದ ಮೇಜಿನ ಮೇಲೆ ಚದುರಂಗದ ಹಾಸನ್ನು ನೆನಪಿಸುವ, ಗೆರೆ ಹಾಕಿದ ಕಪ್ಪು ಬಟ್ಟೆ ಹಾಸಿ, ಪೆನ್ನಿ, ಶಿಲ್ಲಿಂಗ್, ಪೌಂಡುಗಳಿಗೆ ಬೇರೆ ಬೇರೆ ಅಂಕಣಗಳನ್ನು ಮಾಡಿ, ಬಿಲ್ಲೆಗಳನ್ನು ಸರಿಸಿ ಕೂಡಿ ಕಳೆಯುತ್ತಿದ್ದರು. ರೋಮನ್ ಅಂಕಿಗಳಲ್ಲಿ ಲೆಕ್ಕ ಮಾಡುವುದು ಪ್ರಯಾಸದ ಕೆಲಸ; ಬಟ್ಟೆಯ ಮೇಲಿನ ಬಿಲ್ಲೆಯಾದರೆ ಓದು ಬಾರದವನ ಕಣ್ಣಿಗೂ ಕಾಣುತ್ತದೆ. ಎರಡನೆಯ ಹೆನ್ರಿಯ ಖಜಾಂಚಿ ರಿಚರ್ಡ್ ಫಿಟ್ಸ್‌ನೀಲ್ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಚದುರಂಗದಲ್ಲಿ ರಾಜರು ಸೆಣಸುವಂತೆ ಇಲ್ಲಿ ಖಜಾಂಚಿಯೂ ಶೆರೀಫನೂ ಸೆಣಸುತ್ತಾರೆ ಎಂಬ ಹೋಲಿಕೆಯೂ ಅವನದೇ. ಆ ಹಾಸಿನ ಹೆಸರು ಮೊದಲು ಮೇಜಿಗೆ, ಆಮೇಲೆ ಕಚೇರಿಗೆ, ಕೊನೆಗೆ ಇಡೀ ಬೊಕ್ಕಸಕ್ಕೆ ಹತ್ತಿತು. ಬ್ರಿಟನ್ನಿನ ಹಣಕಾಸು ಮಂತ್ರಿ ಇಂದಿಗೂ ‘ಚಾನ್ಸಲರ್ ಆಫ್ ದಿ ಎಕ್ಸ್‌ಚೆಕರ್’. ನಡುವೆ ಸೇರಿದ ‘ಎಕ್ಸ್’ ಮಾತ್ರ, ಫ್ರೆಂಚಿನ ‘ಎಸ್’ ಲ್ಯಾಟಿನ್ನಿನ ‘ಎಕ್ಸ್’ ಇರಬೇಕೆಂದು ಊಹಿಸಿದ ಪಂಡಿತರ ಕಾಣಿಕೆ.

ಬ್ಯಾಂಕಿನ ಚೆಕ್ಕಿನದು ಬೇರೆ ದಾರಿ. ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಮೋಸ ತಡೆಯಲು ಉಳಿಸಿಕೊಳ್ಳುತ್ತಿದ್ದ ಅಡಿಪ್ರತಿ; ಹೆಸರು ಅಲ್ಲಿಂದ ಹಣ ಪಡೆಯುವ ಹಾಳೆಗೆ ಜಾರಿತು. ಬ್ರಿಟಿಷರು ಬಳಿಕ ಎಕ್ಸ್‌ಚೆಕರನ್ನು ನೋಡಿ ಕಾಗುಣಿತವನ್ನು ‘cheque’ ಎಂದು ಬದಲಿಸಿದರು, ಅಮೆರಿಕದವರು ಹಳೆಯ ‘check’ ಅನ್ನೇ ಉಳಿಸಿಕೊಂಡರು. ನಮ್ಮ 1881ರ ವರ್ಗಾವಣೀಯ ಲಿಖಿತಗಳ ಕಾಯಿದೆ ಬ್ರಿಟಿಷ್ ಕಾಗುಣಿತವನ್ನೇ ಹಿಡಿದಿದೆ.

ಅಮೆರಿಕದ ‘ರೇನ್ ಚೆಕ್’ ಬಗೆಗಿನ ಭಾಗವನ್ನು ಬಿಡಬಹುದು. ಮಳೆಗೆ ನಿಂತ ಬೇಸ್‌ಬಾಲ್ ಆಟದ ಬದಲಿ ಟಿಕೆಟ್ಟಿನ ಕಥೆ ನಿಮ್ಮ ಎಳೆಯಿಂದ ದೂರ ಹೋಗುತ್ತದೆ. ‘ಚೆಕ್‌ಮೇಟ್’ (ಮೂಲದಲ್ಲಿ ‘ಶಾಹ್ ಮಾತ್’) ವಿಷಯದಲ್ಲಿ ಮಾತ್ರ ಎಚ್ಚರಿಕೆಯಿರಲಿ. ‘ರಾಜ ಸತ್ತ’ ಎಂಬ ಅರಬ್ಬಿ ವಿವರಣೆ ಪ್ರಸಿದ್ಧವಾಗಿದ್ದರೂ ‘ರಾಜ ನಿರುಪಾಯನಾದ’ ಎಂಬ ಪರ್ಷಿಯನ್ ಅರ್ಥವನ್ನು ಒಪ್ಪುವ ವಿದ್ವಾಂಸರಿದ್ದಾರೆ, ಮತ್ತು ಆಟದಲ್ಲಿ ರಾಜನನ್ನು ಯಾರೂ ಕೊಲ್ಲುವುದಿಲ್ಲವಾದ್ದರಿಂದ ನನ್ನ ಒಲವೂ ಅತ್ತ ಕಡೆಗೇ. ನೀವು ಎರಡನ್ನೂ ಕೊಡಿ. ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಸಂತೋಷದಿಂದ ಓದುತ್ತೇನೆ.

ಇತಿ,
ನಿಮ್ಮ ಹಿತೈಷಿ